ನಲವತ್ತೆರಡನೇ ಚೀಲ ಯಾರಿಗೆ? ನಮ್ಮ ಥ್ರಿಲ್ಲರ್ ಕಿರುಚಿತ್ರವನ್ನು ಜನರಿಗೆ ಮುಟ್ಟಿಸಿದ ಏಳು ತಿಂಗಳು

ಕಥೆ ಇಷ್ಟೇ. ಶಿವಮೊಗ್ಗದ ಒಂದು ಅಡಿಕೆ ಮಂಡಿ. ರಾತ್ರಿ ಲೆಕ್ಕಕ್ಕೆ ಕೂತ ಹುಡುಗ ಗೋದಾಮಿನ ಬಾಗಿಲು ಹಾಕುವಾಗ ಚೀಲ ಎಣಿಸುತ್ತಾನೆ. 41. ಬೆಳಿಗ್ಗೆ ಬೀಗ ತೆಗೆದು ಎಣಿಸಿದರೆ 42. ಕಮ್ಮಿಯಾಗಿದ್ದರೆ ಕಳುವಾಯಿತು ಅಂತ ಹೇಳಬಹುದು. ಜಾಸ್ತಿಯಾದರೆ ಯಾರ ಹತ್ತಿರ ಹೇಳುವುದು?

ಪತ್ರಿಕೋದ್ಯಮ ಪದವಿಯ ಕೊನೇ ವರ್ಷದಲ್ಲಿ ಆರು ಜನ ಸೇರಿ ಈ ಥ್ರಿಲ್ಲರ್ ಮಾಡಿದೆವು. ಹೆಸರು ‘ನಲವತ್ತೆರಡನೇ ಚೀಲ’. ಎಡಿಟಿಂಗ್ ನನ್ನದು. ಶೂಟಿಂಗ್ ಮುಗಿದ ಮೇಲೆ ಜನರಿಗೆ ಮುಟ್ಟಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಕ್ಯಾಮೆರಾ, ಲೈಟಿಂಗ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಮುಗಿದ ಸಿನಿಮಾವನ್ನು ಯಾರಿಗೆ, ಎಲ್ಲಿ, ಯಾವುದು ಮೊದಲು ಯಾವುದು ಆಮೇಲೆ ಅಂತ ತೋರಿಸುವ ಬಗ್ಗೆ ನಮಗೆ ಓದಲು ಸಿಕ್ಕಿದ್ದು ಬಹಳ ಕಡಿಮೆ. ಹಾಗಾಗಿ ನನ್ನ ನೋಟ್‌ಬುಕ್‌ನಲ್ಲಿ ಇದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲಿ ಕೆಟ್ಟಿತು, ಹೇಗೆ ಸರಿ ಮಾಡಿದೆವು ಅನ್ನೋದೂ ಸೇರಿ.

ಏಪ್ರಿಲ್, ಮೊದಲ ವಾರ

ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ‘ಪ್ರೇಕ್ಷಕರು ಯಾರು’ ಅಂತ ಒಂದು ಕಾಲಂ ಇತ್ತು. ‘15ರಿಂದ 25 ವರ್ಷದ, ಥ್ರಿಲ್ಲರ್ ಇಷ್ಟಪಡುವ ಯುವಕ ಯುವತಿಯರು’ ಅಂತ ಬರೆದಿದ್ದೆ. ನಮ್ಮ ಸರ್ ಓದಿ, ಪೆನ್ನು ಮುಚ್ಚಿಟ್ಟು, ಒಂದೇ ಮಾತು ಕೇಳಿದರು: “ಅವರಲ್ಲಿ ಹತ್ತು ಜನರ ಫೋನ್ ನಂಬರ್ ಕೊಡಮ್ಮ.”

ನನ್ನ ಹತ್ತಿರ ಇದ್ದದ್ದು ಕ್ಲಾಸಿನವರ ನಂಬರ್ ಮಾತ್ರ. ಕ್ಲಾಸಿನವರು ಹೇಗಿದ್ದರೂ ನೋಡುತ್ತಾರೆ, ಚೆನ್ನಾಗಿದೆ ಅಂತಲೂ ಹೇಳುತ್ತಾರೆ. ಅವರನ್ನು ಬಿಟ್ಟು ಯಾರು?

ಅದೇ ದಿನ ಸರ್ ‘ಲೂಸಿಯಾ’ ವಿಷಯ ಎತ್ತಿದರು. 2013ರ ಆ ಸಿನಿಮಾಗೆ ಪವನ್ ಕುಮಾರ್ ದುಡ್ಡು ಕೂಡಿಸಿದ್ದು ನೋಡುವವರಿಂದಲೇ. ಸುಮಾರು 110 ಜನ, 51 ಲಕ್ಷ ರೂಪಾಯಿ. ದುಡ್ಡಿನ ವಿಷಯಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು. ಸಿನಿಮಾ ತಯಾರಾಗುವ ಮೊದಲೇ ಅದಕ್ಕಾಗಿ ಕಾಯುವ ನೂರಕ್ಕೂ ಜಾಸ್ತಿ ಜನ ಇದ್ದರು. ನಮ್ಮದು ತಯಾರಾಗಿತ್ತು, ಕಾಯುವವರು ಯಾರೂ ಇರಲಿಲ್ಲ. ಅವರನ್ನು ಹುಡುಕುವುದೇ ಮೊದಲ ಕೆಲಸ ಅಂತ ತೀರ್ಮಾನಿಸಿದೆವು.

ಏಪ್ರಿಲ್, ಮೂರನೇ ವಾರ: ಎರಡು ಪ್ರದರ್ಶನ

ಮೊದಲ ಕಟ್ 12 ನಿಮಿಷ 16 ಸೆಕೆಂಡ್ ಇತ್ತು. ಅದನ್ನು ಎರಡು ಕಡೆ ತೋರಿಸಿದೆವು. ಒಂದು, ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ, ಬೇರೆ ವಿಭಾಗದ ಇಪ್ಪತ್ತಮೂರು ಜನರಿಗೆ. ಇನ್ನೊಂದು, ನಾವು ಶೂಟಿಂಗ್ ಮಾಡಿದ ಮಂಡಿಯಲ್ಲೇ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಹಮಾಲರು, ಗುಮಾಸ್ತರು, ಲಾರಿಯವರು ಸೇರಿ ಹದಿನೈದು ಹದಿನಾರು ಜನರಿಗೆ.

ಸೆಮಿನಾರ್ ಹಾಲ್‌ನಲ್ಲಿ ನಾವು ಸಿನಿಮಾ ನೋಡಲಿಲ್ಲ. ನನ್ನ ಗೆಳತಿ ಪರದೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂತಳು. ಕೈಯಲ್ಲಿ ಸ್ಟಾಪ್‌ವಾಚ್. ಯಾರ ಫೋನ್ ಬೆಳಗಿತೋ ಆ ಸಮಯ ಬರೆದಳು. ಯಾರಾದರೂ ಮುಂದೆ ಬಾಗಿ ಕೂತರೆ ಅದನ್ನೂ ಬರೆದಳು. ಕಿರುಚಿತ್ರ ಮಾಡುವ ಎಲ್ಲರೂ ಇದನ್ನೊಮ್ಮೆ ಮಾಡಬೇಕು. ಆಮೇಲೆ ಕೊಡುವ ಪ್ರಶ್ನಾವಳಿಯಲ್ಲಿ ಎಲ್ಲರೂ ‘ಸೂಪರ್’ ಅಂತ ಬರೆಯುತ್ತಾರೆ. ಫೋನಿನ ಬೆಳಕು ಹಾಗೆ ಮುಲಾಜು ನೋಡುವುದಿಲ್ಲ.

ಅವಳ ಹಾಳೆಯಲ್ಲಿ ಮೊದಲ ಸಲ ಒಂದಷ್ಟು ಫೋನುಗಳು ಬೆಳಗಿದ್ದು 40ನೇ ಸೆಕೆಂಡಿಗೆ. ಆಗ ಪರದೆಯ ಮೇಲೆ ಇದ್ದದ್ದು ಕಾಲೇಜಿನ ಲಾಂಛನ, ಕೃತಜ್ಞತೆ, ನಮ್ಮ ಹೆಸರುಗಳು. ಒಟ್ಟು 52 ಸೆಕೆಂಡ್. ಅಷ್ಟನ್ನೂ ತೆಗೆದು, ಕೊನೆಯ ಹೆಸರುಪಟ್ಟಿಯಲ್ಲಿ ಖಾಲಿ ಓಡುತ್ತಿದ್ದ ಜಾಗಕ್ಕೆ ಸೇರಿಸಿದೆ. ಈಗ ಸಿನಿಮಾ ಶುರುವಾಗುವುದೇ ಎಣಿಕೆಯಿಂದ: ಕತ್ತಲು, ಟಾರ್ಚ್, “ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು.” ಉದ್ದ 11 ನಿಮಿಷ 24 ಸೆಕೆಂಡಿಗೆ ಇಳಿಯಿತು.

ಅದೇ ಹಾಲ್‌ನಲ್ಲಿ ಎರಡನೇ ಸಲ ಫೋನುಗಳು ಬೆಳಗಿದ ಜಾಗ ನನಗೆ ನೋವು ತಂದಿತು. ಅದು ನಮ್ಮ ಸಿನಿಮಾದ ಜೀವ ಇರುವ ದೃಶ್ಯ. ಹುಡುಗ ಹೆಚ್ಚುವರಿ ಚೀಲದ ಬಾಯಿ ಬಿಚ್ಚಿ, ಒಂದು ಅಡಿಕೆ ಕೈಗೆ ತಗೊಂಡು, “ಇದು ರಾಶಿ ಅಲ್ಲ, ಸರಕು” ಅನ್ನುತ್ತಾನೆ. ಅಡಿಕೆ ಗೊತ್ತಿರುವವರಿಗೆ ಈ ನಾಲ್ಕು ಪದ ಸಾಕು. ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ದರ್ಜೆ ಇದೆ. ಸರಕಿನ ಬೆಲೆ ಎಲ್ಲಕ್ಕಿಂತ ಜಾಸ್ತಿ. ರಾಶಿ ಅಡಿಕೆ ತುಂಬಿದ ಗೋದಾಮಿಗೆ ಒಂದು ಚೀಲ ಸರಕನ್ನು ಯಾರೋ ರಾತ್ರೋರಾತ್ರಿ ತಂದಿಟ್ಟಿದ್ದಾರೆ ಅಂದರೆ ಬೆನ್ನು ತಣ್ಣಗಾಗಬೇಕು. ಹಾಲ್‌ನಲ್ಲಿ ಅರ್ಧ ಜನಕ್ಕೆ ಆ ವ್ಯತ್ಯಾಸವೇ ಗೊತ್ತಿರಲಿಲ್ಲ. ಮಂಡಿಯ ಅಂಗಳದಲ್ಲಿ ಅದೇ ಮಾತಿಗೆ ಹಿಂದೆ ಕೂತ ಗುಮಾಸ್ತರೊಬ್ಬರು “ಅಯ್ಯೋ” ಅಂದುಬಿಟ್ಟರು.

ಎರಡು ಪ್ರದರ್ಶನದ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಉತ್ತರ ಸಿಕ್ಕಿತು. ನಮ್ಮ ಮೊದಲ ಪ್ರೇಕ್ಷಕರನ್ನು ವಯಸ್ಸಿನಿಂದ ಹುಡುಕಿದರೆ ಸಿಗುವುದಿಲ್ಲ. ಅಡಿಕೆ ಸುಲಿದ ಮನೆಯವರು, ಮಂಡಿಯಲ್ಲಿ ದುಡಿದವರು, ಬೆಂಗಳೂರಿಗೆ ಹೋಗಿ ಕೂತರೂ ಊರಿನ ತೋಟದ ಲೆಕ್ಕ ಮರೆಯದ ಮಲೆನಾಡಿನ ಮಕ್ಕಳು, ಇವರೇ ಮೊದಲು. ಥ್ರಿಲ್ಲರ್ ಹುಡುಕಿಕೊಂಡು ಬರುವವರು ಎರಡನೇ ಸಾಲು. ರಿಪೋರ್ಟ್‌ನ ಕಾಲಂ ಹೊಡೆದು ಹಾಕಿ ಇದನ್ನು ಬರೆದೆ. ಹತ್ತು ಫೋನ್ ನಂಬರ್ ಕೂಡ ಕೊಟ್ಟೆ.

ಎರಡನೇ ಸಾಲಿನವರನ್ನು ಕೈಬಿಡಲಿಲ್ಲ. ಹುಡುಗನ ಬೆನ್ನು ಕಾಣುವ ಶಾಟ್ ಮೇಲೆ ಒಂದು ಸಣ್ಣ ಮಾತು ಡಬ್ ಮಾಡಿಸಿ ಸೇರಿಸಿದೆ: “ಇದರ ರೇಟೇ ಬೇರೆ.” ಸಾಕಾಯಿತು.

ಮೇ: ಹೊಟ್ಟು ತುಂಬಿದ ಚೀಲ

ಮಂಡಿಯ ಪ್ರದರ್ಶನದಲ್ಲಿ ಸಿಕ್ಕ ಇನ್ನೊಂದು ದೋಷ ದೊಡ್ಡದು. ಎಲ್ಲಾ ಮುಗಿದ ಮೇಲೆ ಹಮಾಲಿ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದರು.

“ತಂಗೀ, ಬೇಜಾರ್ ಮಾಡ್ಕೋಬೇಡ. ಆ ಹುಡುಗ ಚೀಲ ಎತ್ತಿದ ನೋಡು, ಅಲ್ಲಿಗೆ ನನ್ನ ಹೆದರಿಕೆ ಹೋಯ್ತು. ಅದ್ರಲ್ಲಿ ಅಡಿಕೆ ಇಲ್ಲ.”

“ಹೆಂಗೆ ಗೊತ್ತಾಯ್ತು ಅಣ್ಣಾ?”

“ಹೊಟ್ಟೆ ಜೋತು ಬೀಳ್ಲಿಲ್ಲ. ಸದ್ದೂ ಬರ್ಲಿಲ್ಲ. ಹೊಟ್ಟು ತುಂಬಿದೀರ, ಅಲ್ವಾ?”

ನಿಜ. ನಟ ಒಬ್ಬನೇ ಎತ್ತಬೇಕಿತ್ತು ಅಂತ ಭತ್ತದ ಹೊಟ್ಟು ತುಂಬಿದ್ದೆವು. ತುಂಬಿದ ಅಡಿಕೆ ಚೀಲ ಅರವತ್ತು ಕೆಜಿಗೂ ಜಾಸ್ತಿ ತೂಗುತ್ತದೆ. ಅದನ್ನು ಹಮಾಲರು ಕೊಕ್ಕೆ ಹಾಕಿ ಮಗ್ಗುಲಿಗೆ ಎಳೆಯುತ್ತಾರೆ, ಇನ್ನೊಬ್ಬರು ಬೆನ್ನಿಗೆ ಏರಿಸುತ್ತಾರೆ. ನಮ್ಮ ಹುಡುಗ ತಬ್ಬಿಕೊಂಡು ಎತ್ತಿದ್ದ. ನಮ್ಮ ಮೊದಲ ಪ್ರೇಕ್ಷಕರು ಇವರೇ ಅಂತ ತೀರ್ಮಾನ ಮಾಡಿದ ಮೇಲೆ, ಇವರ ಕಣ್ಣಿಗೆ ಸುಳ್ಳಾಗಿ ಕಾಣುವ ಶಾಟ್ ಇಟ್ಟುಕೊಳ್ಳುವ ಹಾಗಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮಂಡಿ ತೆಗೆಸಿದೆವು. ಈ ಸಲ ಹುಡುಗ ಚೀಲ ಎತ್ತುವುದಿಲ್ಲ. ಕೊಕ್ಕೆ ಸಿಕ್ಕಿಸಿ ಎಳೆಯಲು ನೋಡುತ್ತಾನೆ. ಚೀಲ ಒಂದು ಗೇಣು ಜರುಗುತ್ತದೆ, ಕೊಕ್ಕೆ ಗೋಣಿಯಿಂದ ಜಾರುತ್ತದೆ. ಅದೇ ಉದ್ದ, ಅದೇ ಜಾಗ. ಒಬ್ಬನೇ ಎಳೆಯಲಾಗದ ಚೀಲವನ್ನು ಒಳಗೆ ತಂದವರು ಒಬ್ಬರಂತೂ ಅಲ್ಲ ಅನ್ನೋದು ಮಾತಿಲ್ಲದೆ ತಿಳಿಯುತ್ತದೆ. ಕಥೆಗೆ ಇದು ನಾವು ಬರೆದುಕೊಂಡಿದ್ದಕ್ಕಿಂತ ಒಳ್ಳೆಯ ತಿರುವು.

ಸದ್ದನ್ನೂ ಅಲ್ಲೇ ರೆಕಾರ್ಡ್ ಮಾಡಿದೆ. ಮೇಸ್ತ್ರಿ ಚೀಲವನ್ನು ಬೆನ್ನಿನಿಂದ ಇಳಿಸಿದರು. ಮೊದಲು ನೆಲದ ಭಾರೀ ‘ದಬ್’, ಅದರ ಹಿಂದೆಯೇ ಒಳಗಿನ ಅಡಿಕೆ ಕೂರುವ ‘ಗರಗರ’. ಮೈಕ್ ಒಂದನ್ನು ನೆಲಕ್ಕೆ ಹತ್ತಿರ, ಇನ್ನೊಂದನ್ನು ಚೀಲದ ಎತ್ತರಕ್ಕೆ ಇಟ್ಟಿದ್ದೆ. ಈ ಎರಡು ಮೈಕ್ ಆಮೇಲೆ ನಮ್ಮನ್ನು ಕಾಪಾಡಿದವು.

ಇದೇ ತಿಂಗಳು ಇನ್ನೆರಡು ಚಿಕ್ಕ ರಿಪೇರಿ. ವಾಚ್‌ಮನ್ ಬೀಡಿ ಸೇದುವ ಶಾಟ್ ಇತ್ತು. ತಂಬಾಕು ತೋರಿಸಿದರೆ ಪರದೆಯ ಕೆಳಗೆ ಎಚ್ಚರಿಕೆಯ ಬರಹ ಹಾಕಬೇಕು ಅನ್ನುವ ನಿಯಮ ಥಿಯೇಟರ್‌ಗಿದೆ. 2023ರ ಸೆಪ್ಟೆಂಬರ್‌ನಿಂದ ಒಟಿಟಿಗೂ ಬಂದಿದೆ. ಕತ್ತಲಲ್ಲಿ ಮುಖ ಹುಡುಕುವ ಹೊತ್ತಿಗೆ ಬಿಳಿ ಅಕ್ಷರ ಬಂದರೆ ಭಯ ಎಲ್ಲಿ ಉಳಿಯುತ್ತದೆ? ಬೀಡಿ ತೆಗೆದು ಟಾರ್ಚ್ ಕೊಟ್ಟೆವು. ಹಿನ್ನೆಲೆಗೆ ಎಲ್ಲಿಂದಲೋ ತಂದು ಹಾಕಿದ್ದ ಸಂಗೀತವನ್ನೂ ತೆಗೆದೆವು, ಅದರ ಹಕ್ಕು ನಮ್ಮದಲ್ಲ. ಅದರ ಜಾಗಕ್ಕೆ ತಗಡಿನ ಮೇಲೆ ಬೀಳುವ ಮಳೆ ಬಂತು.

ಜೂನ್: ಯಾವುದು ಮೊದಲು?

ಮೂರು ದಾರಿ ಇದ್ದವು. ಚಿತ್ರೋತ್ಸವ, ಊರೂರಿನ ಪ್ರದರ್ಶನ, ಯೂಟ್ಯೂಬ್. ಕ್ರಮ ತಪ್ಪಿದರೆ ಒಂದು ಇನ್ನೊಂದನ್ನು ಮುಚ್ಚಿಬಿಡುತ್ತದೆ. ಎಷ್ಟೋ ಚಿತ್ರೋತ್ಸವಗಳು ಆಗಲೇ ಎಲ್ಲರಿಗೂ ಸಿಗುವ ಹಾಗೆ ಆನ್‌ಲೈನ್‌ನಲ್ಲಿರುವ ಚಿತ್ರವನ್ನು ತಗೊಳ್ಳುವುದಿಲ್ಲ. ಆದ್ದರಿಂದ ಯೂಟ್ಯೂಬ್ ಕೊನೆಗೆ. ಅಲ್ಲಿಯವರೆಗೆ ಪಾಸ್‌ವರ್ಡ್ ಇಟ್ಟ ಲಿಂಕ್ ಮಾತ್ರ. ‘ಸುಮ್ನೆ ನನಗೊಬ್ಬನಿಗೆ ಕಳ್ಸು’ ಅಂತ ಕೇಳಿದ ಗೆಳೆಯರಿಗೂ ಕೊಡಲಿಲ್ಲ.

ಚಿತ್ರೋತ್ಸವದ ಆಸೆ ನಮಗೆ ಎಲ್ಲಿಂದ ಬಂತು ಅಂದರೆ, ಫ್ರಾನ್ಸ್‌ನ 2024ರ ಕಾನ್ ಚಿತ್ರೋತ್ಸವದಿಂದ. ಚಿದಾನಂದ ಎಸ್. ನಾಯ್ಕ್ ಅವರು ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐನಲ್ಲಿ ಓದುವಾಗ ಮಾಡಿದ 16 ನಿಮಿಷದ ಕನ್ನಡ ಚಿತ್ರ ಅಲ್ಲಿನ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಅಜ್ಜಿಯೊಬ್ಬಳು ಹುಂಜ ಕದ್ದ ಜನಪದ ಕಥೆ. ಆ ವಿಭಾಗ ಸಿನಿಮಾ ಶಾಲೆಯ ವಿದ್ಯಾರ್ಥಿಗಳಿಗೆ ಮಾತ್ರ, ನಮಗಲ್ಲ. ಆದರೆ ನಮ್ಮ ಹಳ್ಳಿಯ ಕಥೆ ಅಷ್ಟು ದೂರ ಹೋಗಬಹುದು ಅನ್ನುವ ಧೈರ್ಯ ನಮಗೆ ಅದರಿಂದಲೇ ಬಂತು.

ಧೈರ್ಯ ಇದ್ದರೂ ದುಡ್ಡಿಗೆ ಮಿತಿ ಇತ್ತು. ಉತ್ಸವಗಳಿಗೆ ಚಿತ್ರ ಕಳಿಸುವ ಜಾಲತಾಣ ಫಿಲ್ಮ್‌ಫ್ರೀವೇಯಲ್ಲಿ ಸಾವಿರಾರು ಉತ್ಸವಗಳಿವೆ, ಎಷ್ಟೋ ಕಡೆ ಶುಲ್ಕ ಡಾಲರ್‌ನಲ್ಲಿ. ನಮ್ಮ ಕೈಯಲ್ಲಿದ್ದದ್ದು ಆರು ಸಾವಿರ ರೂಪಾಯಿ. ಒಂದೊಂದು ಉತ್ಸವಕ್ಕೂ ಮೂರು ಪ್ರಶ್ನೆ ಹಾಕಿದೆವು. ನಿಜವಾದ ಪರದೆ ಇದೆಯಾ? ಹಿಂದಿನ ವರ್ಷಗಳ ಚಿತ್ರಗಳ ಪಟ್ಟಿ ಸಿಗುತ್ತದಾ? ನಾವು ಬಸ್‌ನಲ್ಲಿ ಹೋಗಿ ಬರಬಹುದಾ? ಪ್ರತಿ ತಿಂಗಳೂ ಹತ್ತಾರು ವಿಭಾಗಕ್ಕೆ ಬಹುಮಾನ ಹಂಚುವ, ಪರದೆಯೇ ಇಲ್ಲದ ಆನ್‌ಲೈನ್ ಉತ್ಸವಗಳೆಲ್ಲ ಮೊದಲ ಪ್ರಶ್ನೆಗೇ ಬಿದ್ದುಹೋದವು. ಆ ಪ್ರಮಾಣಪತ್ರದಿಂದ ಒಬ್ಬ ಪ್ರೇಕ್ಷಕನೂ ಸಿಗುವುದಿಲ್ಲ. ಉಳಿದ ಪಟ್ಟಿಯ ಮೇಲೆ ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ಇತ್ತು. 2010ರಿಂದ ನಡೆಯುತ್ತಿದೆ, ಆಸ್ಕರ್‌ಗೆ ಅರ್ಹತೆ ಕೊಡುವ ಉತ್ಸವವೂ ಹೌದು. ಅದರ ಮುಂದಿನ ಸಾಲಿಗೆ ಕಳಿಸೋಣ ಅಂತ ಇಟ್ಟುಕೊಂಡು, ಕಾಲೇಜು ಮಟ್ಟದ ಎರಡು ಮತ್ತು ಹೊರರಾಜ್ಯದ ಒಂದು ಉತ್ಸವಕ್ಕೆ ಕಳಿಸಿದೆವು. ಹೊರರಾಜ್ಯದ್ದು ಆಯ್ಕೆ ಆಗಲಿಲ್ಲ. ಕಾಲೇಜು ಮಟ್ಟದ ಒಂದರಲ್ಲಿ ತೋರಿಸಿದರು.

ಸೆನ್ಸಾರ್ ಬಗ್ಗೆ ಒಂದು ಮಾತು. ಥಿಯೇಟರ್‌ನಲ್ಲಿ ಟಿಕೆಟ್ ಮಾರಿ ತೋರಿಸಬೇಕಾದರೆ ಕಿರುಚಿತ್ರಕ್ಕೂ ಸರ್ಟಿಫಿಕೇಟ್ ಬೇಕು. ಈಗ ಯುಎ ಒಳಗೇ 7+, 13+, 16+ ಅಂತ ಮೂರು ಭಾಗ ಮಾಡಿದ್ದಾರೆ. ನಾವು ಟಿಕೆಟ್ ಮಾರುವ ಯೋಚನೆಯನ್ನೇ ಬಿಟ್ಟೆವು. ಪೋಸ್ಟರ್ ಮೇಲೆ ಯುಎ ಚಿಹ್ನೆ ಹಾಕೋಣ ಅಂತ ಗೆಳೆಯನೊಬ್ಬ ಹೇಳಿದ. ಸರ್ಟಿಫಿಕೇಟ್ ಇಲ್ಲದೆ ಆ ಚಿಹ್ನೆ ಹಾಕುವುದು ತಪ್ಪು. ‘13 ವರ್ಷ ಮೇಲ್ಪಟ್ಟವರಿಗೆ’ ಅಂತ ಕನ್ನಡದಲ್ಲಿ ಬರೆದೆವು, ಅಷ್ಟೇ.

ಜುಲೈ: ಥಿಯೇಟರ್ ಫೈಲ್

ಥಿಯೇಟರ್‌ನ ಪ್ರೊಜೆಕ್ಟರ್‌ಗೆ ಕೊಡುವ ಫೈಲಿಗೆ ಡಿಸಿಪಿ ಅನ್ನುತ್ತಾರೆ. ದೊಡ್ಡ ಉತ್ಸವಗಳು ಇದನ್ನೇ ಕೇಳುತ್ತವೆ, ಹಾಗಾಗಿ ಈಗಲೇ ಕಲಿತಿಟ್ಟುಕೊಳ್ಳೋಣ ಅಂದುಕೊಂಡೆವು. ಡಿಸಿಪಿ-ಒ-ಮ್ಯಾಟಿಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಮನೆಯ ಲ್ಯಾಪ್‌ಟಾಪ್‌ನಲ್ಲೇ ಮಾಡಬಹುದು. ಚಿತ್ರದ ಡೇಟಾ ವೇಗ ಸೆಕೆಂಡಿಗೆ 100 ಮೆಗಾಬಿಟ್ ಇಟ್ಟೆ. ನಮ್ಮ ಚಿತ್ರಕ್ಕೆ ಸುಮಾರು 8.5 ಜಿಬಿ ಆಯಿತು.

ಮೊದಲ ತೊಂದರೆ ಫ್ರೇಮ್‌ನದು. ಶೂಟ್ ಮಾಡಿದ್ದು ಸೆಕೆಂಡಿಗೆ 25 ಫ್ರೇಮ್‌ನಲ್ಲಿ. ಸಿನಿಮಾ ಪ್ರೊಜೆಕ್ಟರ್‌ನ ರೂಢಿ 24. ಹಾಗೇ 24ಕ್ಕೆ ಓಡಿಸಿದರೆ 11 ನಿಮಿಷ 24 ಸೆಕೆಂಡಿನ ಚಿತ್ರ 28 ಸೆಕೆಂಡ್ ಉದ್ದವಾಗುತ್ತದೆ. ಕಾಗದದ ಮೇಲೆ ಸಣ್ಣದು. ಆದರೆ ಚೀಲ ಎಣಿಸುವ ಲಯ ಜೋಲು ಬಿತ್ತು, ಹುಡುಗನ ದನಿಯೂ ಸ್ವಲ್ಪ ದಪ್ಪ ಆಯಿತು. ಪ್ರೊಜೆಕ್ಷನ್ ನೋಡಿಕೊಳ್ಳುವವರನ್ನು ಕೇಳಿದೆವು. 25ರ ಡಿಸಿಪಿಯೂ ತಮ್ಮಲ್ಲಿ ಓಡುತ್ತದೆ ಅಂದರು. ಎರಡೂ ಮಾಡಿಟ್ಟುಕೊಂಡೆ.

ಎರಡನೇ ತೊಂದರೆ ಡ್ರೈವ್‌ನದು. ಥಿಯೇಟರ್ ಮಾಲೀಕರೊಬ್ಬರು ಬೆಳಿಗ್ಗೆ ಎಂಟಕ್ಕೆ, ಶೋ ಶುರುವಾಗುವ ಮೊದಲು, ಫೈಲ್ ಪರೀಕ್ಷೆ ಮಾಡಿಕೊಳ್ಳಲು ಬಿಟ್ಟರು. ಡ್ರೈವ್ ಸಿಕ್ಕಿಸಿದರೆ ಚಿತ್ರ ಓಡಿಸುವ ಅಲ್ಲಿನ ಸರ್ವರ್ ಗುರುತೇ ಹಿಡಿಯಲಿಲ್ಲ. ನಮ್ಮದು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್, ಆ ಸರ್ವರ್‌ಗೆ ಬೇಕಿದ್ದದ್ದು ಲಿನಕ್ಸ್‌ನ ಫಾರ್ಮ್ಯಾಟ್. ವಾಪಸ್ ಬಂದು ಡಿಸಿಪಿ-ಒ-ಮ್ಯಾಟಿಕ್ ಜೊತೆಗೇ ಬರುವ ಡಿಸ್ಕ್ ರೈಟರ್‌ನಿಂದ ಮತ್ತೆ ಬರೆದೆ. ಮರುದಿನ ಓಡಿತು.

ಖಾಲಿ ಥಿಯೇಟರ್‌ನಲ್ಲಿ ನಾವು ಆರೇ ಜನ. ಚೀಲ ಬಿದ್ದಾಗ ಆ ‘ದಬ್’ ಸೀಟಿನ ಕೆಳಗಿಂದ ಬಂತು. ಪರದೆಯ ಮೇಲೆ ಸಿನಿಮಾದ ಹೆಸರು ಬಂದಾಗ ಒಂದು ತಪ್ಪೂ ಕಂಡಿತು. ‘ನಲವತ್ತೆರಡನೇ’ ಅನ್ನುವುದರಲ್ಲಿ ತಕಾರದ ಒತ್ತು ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಿತ್ತು. ಲ್ಯಾಪ್‌ಟಾಪ್‌ನ ಚಿಕ್ಕ ಪರದೆಯಲ್ಲಿ ಯಾರಿಗೂ ಕಂಡಿರಲಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಗಳ ಆಯ್ಕೆ ಆನ್ ಮಾಡದಿದ್ದರೆ ಹೀಗಾಗುತ್ತದೆ. ಕನ್ನಡ ಸಿನಿಮಾದ ಹೆಸರೇ ತಪ್ಪಾಗಿ ಬಂದರೆ ಹೇಗೆ? ಶೀರ್ಷಿಕೆಯನ್ನು ಚಿತ್ರವಾಗಿ ಬರೆಸಿ ಹಾಕಿದೆ.

ಆಗಸ್ಟ್, ಸೆಪ್ಟೆಂಬರ್: ಫೋನಿಗೆ ಬೇರೆ, ಪರದೆಗೆ ಬೇರೆ

ನಮ್ಮ ಬಹುಪಾಲು ಜನ ನೋಡುವುದು ಫೋನಿನಲ್ಲಿ. ಅದಕ್ಕೇ ಅದೇ ಥಿಯೇಟರ್ ಕಾಪಿಯನ್ನು ಫೋನಿಗೆ ಹಾಕಿಕೊಂಡು, ಮಧ್ಯಾಹ್ನ ಎರಡು ಗಂಟೆಯ ಸಾಗರ ಬಸ್‌ನಲ್ಲಿ ಕಿಟಕಿ ಪಕ್ಕ ಕೂತು ನೋಡಿದೆ. ಪರದೆಯಲ್ಲಿ ಕಂಡದ್ದು ನನ್ನದೇ ಮುಖ. ಗೋದಾಮಿನ ಕತ್ತಲು ಪೂರ್ತಿ ಕಪ್ಪು. ‘ದಬ್’ ಸದ್ದು ಮಾಯ. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಅಷ್ಟು ತಗ್ಗಿನ ಸದ್ದು ಬರುವುದೇ ಇಲ್ಲ.

ಆಗ ಎತ್ತರದ ಮೈಕ್‌ನ ‘ಗರಗರ’ ನೆನಪಾಯಿತು. ಆನ್‌ಲೈನ್ ಕಾಪಿಯಲ್ಲಿ ಅದನ್ನು ಮುಂದಕ್ಕೆ ತಂದೆ, ‘ದಬ್’ ಹಿಂದೆ ಸರಿಯಿತು. ಒಟ್ಟು ದನಿಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ದನಿ ಎಷ್ಟು ಜೋರು ಅಂತ ಅಳೆಯುವ ಮಾನ) ಹತ್ತಿರ ಇಟ್ಟೆ. ಅದಕ್ಕಿಂತ ಜೋರಾಗಿದ್ದರೆ ಯೂಟ್ಯೂಬ್ ತಾನೇ ಇಳಿಸುತ್ತದೆ. ಕತ್ತಲಿನ ಭಾಗಗಳನ್ನು ಸ್ವಲ್ಪ ಎತ್ತಿದೆ. ಮತ್ತೆ ಅದೇ ಬಸ್, ಅದೇ ಸೀಟು. ಮೂರನೇ ಪ್ರಯಾಣಕ್ಕೆ ಸರಿಯಾಯಿತು.

ಆ ಬಸ್ ಸುಮ್ನೆ ಹತ್ತಿದ್ದಲ್ಲ. ಸಾಗರದ ಸುತ್ತಮುತ್ತ ಎರಡು ಹಳ್ಳಿಯ ಸಮುದಾಯ ಭವನಗಳಲ್ಲಿ ಆಹ್ವಾನಿತರಿಗೆ ಪ್ರದರ್ಶನ ಗೊತ್ತುಮಾಡಿದ್ದೆವು. ಆ ಕಡೆಯ ಜನಕ್ಕೆ ಸಿನಿಮಾ ನೋಡಿ ಮಾತಾಡುವುದು ಹೊಸದಲ್ಲ. ಹೆಗ್ಗೋಡಿನ ನೀನಾಸಂ 1973ರಲ್ಲೇ ಚಿತ್ರಸಮಾಜ ಶುರುಮಾಡಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದೆ. ಹನ್ನೊಂದು ನಿಮಿಷದ ಚಿತ್ರಕ್ಕೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಒಬ್ಬ ಅಮ್ಮ ಕೇಳಿದರು: “ಆ ಹುಡುಗ ಮನೆಗೆ ಫೋನ್ ಯಾಕೆ ಮಾಡಲ್ಲ? ನಮ್ಮ ಮಕ್ಕಳಾದ್ರೆ ಮೊದ್ಲು ಅದೇ ಮಾಡ್ತಿದ್ರು.” ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಕಥೆಗೆ ಬರೆದಿಟ್ಟುಕೊಂಡಿದ್ದೇನೆ.

ಅಕ್ಟೋಬರ್: ಧಾರಣೆ ಗುಂಪುಗಳು

ಬಿಡುಗಡೆಗೆ ದೀಪಾವಳಿಯ ವಾರ ಆರಿಸಿದೆವು. ಬೆಂಗಳೂರಿನಿಂದ ಮಕ್ಕಳು ಊರಿಗೆ ಬರುವ ಸಮಯ. ಅಡಿಕೆ ಕೊಯ್ಲಿನ ಮಾತೂ ಮನೆಯಲ್ಲಿ ಶುರುವಾಗಿರುತ್ತದೆ. ಅಜ್ಜ, ಅಪ್ಪ, ಮೊಮ್ಮಗ ಒಂದೇ ಫೋನ್ ಸುತ್ತ ಕೂರುವ ವಾರ ಅದು.

ಜಾಹೀರಾತಿಗೆ ದುಡ್ಡಿರಲಿಲ್ಲ. ಆದರೆ ಮಲೆನಾಡಿನಲ್ಲಿ ‘ಇಂದಿನ ಅಡಿಕೆ ಧಾರಣೆ’ ದಿನಾ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಟೀಸರ್ ಅನ್ನು ಆ ಪಟ್ಟಿಯ ರೂಪದಲ್ಲೇ ಮಾಡಿದೆ: ಸರಕು, ಬೆಟ್ಟೆ, ರಾಶಿ, ಗೊರಬಲು, ಕೊನೇ ಸಾಲಲ್ಲಿ ‘ಚೀಲ 42’. ನನಗೆ ತುಂಬಾ ಖುಷಿ ಕೊಟ್ಟ ಐಡಿಯಾ. ಗುಂಪೊಂದನ್ನು ನಡೆಸುವ ಹಿರಿಯರಿಗೆ ಮೊದಲು ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು.

“ಧಾರಣೇಲಿ ಆಟ ಬೇಡಮ್ಮ. ಇದನ್ನ ನೋಡಿ ಮಾಲು ಮಾರೋರು ಇದಾರೆ.”

ಅವರು ಹೇಳಿದ್ದು ಸರಿ. ಅದನ್ನು ಅಳಿಸಿದೆ. ಬದಲಿಗೆ ದಿನಕ್ಕೊಂದು ಫೋಟೋ: ಗೋಣಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ನಂಬರ್. 36, 37, 38. ಬೇರೆ ಮಾತಿಲ್ಲ. 41ಕ್ಕೆ ನಿಲ್ಲಿಸಿ ಎರಡು ದಿನ ಏನೂ ಕಳಿಸಲಿಲ್ಲ. ಎರಡನೇ ದಿನ ಸಂಜೆ ತೀರ್ಥಹಳ್ಳಿ ಕಡೆಯ ಒಬ್ಬರು, ನಮಗೆ ಪರಿಚಯ ಇಲ್ಲದವರು, ಗುಂಪಿನಲ್ಲಿ ಕೇಳಿದರು: “42 ಎಲ್ಲಿ?” ಆ ಮೆಸೇಜ್ ನೋಡಿ ಆರೂ ಜನ ಒಬ್ಬರಿಗೊಬ್ಬರು ಫೋನ್ ಮಾಡಿದೆವು. ಏಪ್ರಿಲ್‌ನಲ್ಲಿ ಇಲ್ಲದ, ಕಾಯುವ ಒಬ್ಬ ಪ್ರೇಕ್ಷಕ ಸಿಕ್ಕಿದ್ದರು.

ಏರಿಸುವ ಹಿಂದಿನ ರಾತ್ರಿ ಪೂರ್ತಿ ಚಿತ್ರವನ್ನು ಮೂರು ಜನ ಬೇರೆ ಬೇರೆ ಕೂತು ನೋಡಿದೆವು. ಯೂಟ್ಯೂಬ್‌ನಲ್ಲಿ ಒಮ್ಮೆ ಏರಿಸಿದ ವಿಡಿಯೋದ ಜಾಗಕ್ಕೆ ತಿದ್ದಿದ ಫೈಲ್ ಹಾಕಲು ಬರುವುದಿಲ್ಲ. ಕತ್ತರಿಸಬಹುದು, ಅಷ್ಟೇ. ಹೊಸದಾಗಿ ಹಾಕಿದರೆ ಹಂಚಿದ ಲಿಂಕ್‌ಗಳೆಲ್ಲ ವ್ಯರ್ಥ. ಸಬ್‌ಟೈಟಲ್ ಮಾತ್ರ ಯಾವಾಗ ಬೇಕಾದರೂ ಬದಲಿಸಬಹುದು, ಹಾಗಾಗಿ ಅದನ್ನು ಚಿತ್ರಕ್ಕೆ ಅಂಟಿಸದೆ ಬೇರೆ ಫೈಲ್ ಆಗಿ ಕೊಟ್ಟೆ. ಕನ್ನಡದ ಅಕ್ಷರಗಳೂ ಇವೆ. ಕಿವಿ ಕೇಳಿಸದವರಿಗೂ, ಮನೆಯಲ್ಲಿ ದನಿ ಮುಚ್ಚಿ ನೋಡುವವರಿಗೂ ಬೇಕು. ಚೀಲದ ಸದ್ದನ್ನೂ ಅಲ್ಲಿ ಬರೆದಿದ್ದೇನೆ.

ಹಬ್ಬದ ಮೊದಲ ದಿನ ಸಂಜೆ ಏಳಕ್ಕೆ ಬಿಟ್ಟೆವು. ಮೊದಲ ಫೋನ್ ಮೇಸ್ತ್ರಿಯದು. “ಕೊಕ್ಕೆ ಜಾರಿದ್ದು ಸರಿಯಾಗಿದೆ ತಂಗೀ.” ಆಮೇಲೆ ಅವರ ಮಗಳು ಫೋನ್ ತಗೊಂಡು, ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಗೊರಬಲು ಅನ್ನುವುದನ್ನು ‘ಕೊಳೆತ ಅಡಿಕೆ’ ಅಂತ ಬರೆದಿದ್ದೀರ, ಅದು ತಪ್ಪು ಅಂದಳು. ಮೂರನೇ ನಿಮಿಷದ ಆ ಸಾಲನ್ನು ಅವಳ ಜೊತೆ ಕೂತು ತಿದ್ದಬೇಕು. ನಾಳೆ ಬೆಳಿಗ್ಗೆ ಮಂಡಿ ಹತ್ತಿರ ಸಿಗುತ್ತೇನೆ ಅಂದಿದ್ದಾಳೆ.